ಶೀಟ್ ಮೆಟಲ್ ಥೀಸಿಸ್‌ಗೆ ಮೊದಲು ರೋಬೋಟ್ ಪ್ರೋಗ್ರಾಮಿಂಗ್ ಕಲಿಯಬೇಕಾ?

ಥೀಸಿಸ್‌ಗೆ ರೋಬೋಟ್‌ನಿಂದ ಅಲ್ಯೂಮಿನಿಯಂ ಪ್ಯಾನೆಲ್ ಮಾಡಿಸಬೇಕು, ಕೂಕಾ ಕಂಪನಿಯ ರೋಬೋಟ್‌ನ ಪ್ರೋಗ್ರಾಮಿಂಗ್ ಕಲಿಯಲೋ, ಗ್ರಾಸ್‌ಹಾಪರ್ ಅನ್ನೋ ಡಿಸೈನ್ ಸಾಫ್ಟ್‌ವೇರಿನ ಪ್ಲಗಿನ್ ಸಾಕೋ ಅಂತ ಕೇಳಿದ್ದೀರಿ. ಎರಡೂ ಆಮೇಲೆ ನೋಡಿಕೊಳ್ಳಿ. ಜರ್ಮನಿಯಲ್ಲಿ ಮಾಸ್ಟರ್ಸ್ ಮಾಡುವಾಗ ನಾನೂ ಇದೇ ಪ್ರಶ್ನೆ ಹಿಡಿದು ತಿಂಗಳುಗಟ್ಟಲೆ ಕೂತಿದ್ದೆ. ಶೀಟ್ ಬಗ್ಗೆ ಯೋಚಿಸಲೇ ಇಲ್ಲ.

ನಾನು ಮಾಡಿದ್ದು ಇನ್‌ಕ್ರಿಮೆಂಟಲ್ ಫಾರ್ಮಿಂಗ್. ಶೀಟಿನ ನಾಲ್ಕೂ ಅಂಚನ್ನು ಫ್ರೇಮಿಗೆ ಬಿಗಿದಿರುತ್ತಾರೆ. ತುದಿ ಗುಂಡಗಿರುವ ಉಕ್ಕಿನ ಟೂಲ್ ಹಿಡಿದು ರೋಬೋಟ್ ಸುತ್ತು ಸುತ್ತಾಗಿ ಒತ್ತುತ್ತಾ ಕೆಳಗಿಳಿಯುತ್ತದೆ. ಡೈ (ಅಚ್ಚು) ಬೇಕಿಲ್ಲ, ಒಂದೊಂದು ಪ್ಯಾನೆಲ್ಲಿಗೂ ಒಂದೊಂದು ಆಕಾರ ಕೊಡಬಹುದು. ನನ್ನ ಪ್ಯಾನೆಲ್‌ನಲ್ಲಿ ಕೋನ್ ಆಕಾರದ ಕುಳಿಗಳಿದ್ದವು. ನೆರಳು ಚೆನ್ನಾಗಿ ಬೀಳಲಿ ಅಂತ ಅವುಗಳ ಇಳಿಜಾರನ್ನು 70 ಡಿಗ್ರಿ ಇಟ್ಟೆ. ಸಿಮ್ಯುಲೇಶನ್ ಒಪ್ಪಿತು. ಆದರೆ ಅದು ನೋಡಿದ್ದು ತೋಳು ತಲುಪುತ್ತದಾ, ಎಲ್ಲಾದರೂ ಡಿಕ್ಕಿಯಾಗುತ್ತದಾ ಅಂತ ಅಷ್ಟೇ. ಶೀಟ್ ತಡೆಯುತ್ತದಾ ಅನ್ನೋದು ಅದರ ಲೆಕ್ಕದಲ್ಲೇ ಇರಲಿಲ್ಲ.

ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ಕೆಲಸ ಕೆಟ್ಟಿದ್ದು ಇಲ್ಲೇ. ಅಂಚು ಬಿಗಿದಿರುವುದರಿಂದ ಹೊರಗಿನಿಂದ ಲೋಹ ಒಳಗೆ ಬರುವುದಿಲ್ಲ. ರೊಟ್ಟಿ ತಟ್ಟುವಾಗ ಆಗುವ ಹಾಗೆ, ಇರುವಷ್ಟೇ ಹಿಗ್ಗಿ ತೆಳುವಾಗಬೇಕು. ಸಪಾಟು ಶೀಟಿಂದ ಇಳಿಜಾರು ಎಷ್ಟು ಡಿಗ್ರಿಯೋ ಅದರ ಕೊಸೈನ್‌ನಿಂದ ಮೂಲ ದಪ್ಪವನ್ನು ಗುಣಿಸಿದರೆ ಉಳಿಯುವ ದಪ್ಪ ಸುಮಾರಾಗಿ ಸಿಗುತ್ತದೆ. 1 ಮಿ.ಮೀ. ಶೀಟ್ 45 ಡಿಗ್ರಿಯಲ್ಲಿ ಸುಮಾರು 0.7 ಉಳಿಯುತ್ತದೆ, 60ರಲ್ಲಿ 0.5, 70ರಲ್ಲಿ ಬರೀ 0.34. ನನ್ನ ಶೀಟಿನಲ್ಲಿ ಟೂಲ್ ಹೋದ ದಾರಿಯಲ್ಲೇ ಮೊದಲು ಕೂದಲೆಳೆಯಷ್ಟು ಬಿರುಕು ಕಾಣಿಸಿತು, ಮುಂದಿನ ಸುತ್ತಿಗೆ ಅದು ಬಾಯಿಬಿಟ್ಟಿತು. ಶೀಟೆಲ್ಲ ಒಮ್ಮೆಗೇ ಕಟ್ ಮಾಡಿಸಿಟ್ಟಿದ್ದೆ, ರೋಬೋಟ್ ಮತ್ತೆ ನನ್ನ ಪಾಳಿಗೆ ಸಿಗುವಷ್ಟರಲ್ಲಿ ರಿವ್ಯೂ ಮುಗಿದಿತ್ತು. ಮೊದಲೇ ಒಂದು ಕುಳಿ ಒತ್ತಿ ನೋಡಿದ್ದರೆ ಸಾಕಿತ್ತು.

ಕೋಪನ್‌ಹೇಗನ್‌ನ ಆರ್ಕಿಟೆಕ್ಚರ್ ಸಂಶೋಧನಾ ಕೇಂದ್ರ ಸಿಟಾದ ತಂಡ 2016ರಲ್ಲಿ ‘ಎ ಬ್ರಿಜ್ ಟೂ ಫಾರ್’ ಅನ್ನೋ ಸೇತುವೆಯನ್ನು ಇದೇ ವಿಧಾನದಲ್ಲಿ ಮಾಡಿತು. ಶೀಟ್ ಎಲ್ಲಿ ಎಷ್ಟು ತೆಳುವಾಗುತ್ತದೆ ಅನ್ನೋದು ಅವರ ವಿನ್ಯಾಸದ ಲೆಕ್ಕದೊಳಗೇ ಇತ್ತು. ಅದನ್ನು ನೋಡಿ.

ನೀವು ಬೆಂಗಳೂರಿನಲ್ಲೇ ಇದ್ದೀರಲ್ಲ, ಪೀಣ್ಯಕ್ಕೆ ಹೋಗಿ ಪ್ರೆಸ್ ಬ್ರೇಕ್ (ಶೀಟ್ ಬಗ್ಗಿಸುವ ಮಶೀನ್) ನಡೆಸುವವರ ಪಕ್ಕ ಒಂದು ದಿನ ನಿಲ್ಲಿ. 90 ಡಿಗ್ರಿ ಬೇಕಾದಾಗ ಅವರು ಯಾಕೆ ಸ್ವಲ್ಪ ಜಾಸ್ತಿ ಬಗ್ಗಿಸುತ್ತಾರೆ ಅಂತ ಕೇಳಿ. ಬಗ್ಗಿಸಿದ ಶೀಟ್ ಬಿಟ್ಟ ಕೂಡಲೇ ಸ್ವಲ್ಪ ಹಿಂದಕ್ಕೆ ಬರುವ ಆ ಸ್ಪ್ರಿಂಗ್‌ಬ್ಯಾಕ್ ರೋಬೋಟ್ ಕೆಲಸದಲ್ಲೂ ಇದೆ, ಕ್ಲ್ಯಾಂಪ್ ಬಿಚ್ಚಿದ ಕೂಡಲೇ ಪ್ಯಾನೆಲ್ ಸೊಟ್ಟಗಾಗುತ್ತದೆ. ರೋಬೋಟ್ ತೋಳೂ ಮಿಲ್ಲಿಂಗ್ ಮಶೀನಿನಷ್ಟು ಬಿಗಿ ಅಲ್ಲ, ಜೋರಾಗಿ ಒತ್ತಿದರೆ ತಾನೇ ಸ್ವಲ್ಪ ಬಾಗುತ್ತದೆ.

ನಿಮ್ಮ ಪ್ಯಾನೆಲ್‌ನಲ್ಲಿ ನೇರ ಮಡಿಕೆಗಳು ಮಾತ್ರ ಇದ್ದರೆ ರೋಬೋಟೇ ಬೇಡ, ಪ್ರೆಸ್ ಬ್ರೇಕ್ ಸಾಕು. ಕುಳಿಗಳೇ ಬೇಕು ಅಂದರೆ 60 ಡಿಗ್ರಿಯೊಳಗೆ ಇರಿ, ಕೊನೆಗೆ ಬಳಸುವ ಅದೇ ಅಲಾಯ್, ಅದೇ ದಪ್ಪದ ಶೀಟಿನಲ್ಲಿ ಈ ತಿಂಗಳೇ ಒಂದು ಕೋನ್ ಒತ್ತಿಸಿ.