ಹಳೆಯ ನೋಕಿಯಾ 6600 ಕೊಳ್ಳಲೋ, ಪಾಮ್ ಟ್ರಿಯೋ 600 ಕೊಳ್ಳಲೋ?

ಎರಡೂ 2003ರ ಫೋನುಗಳು. ಕರೆಯೇ ಮುಖ್ಯವಾದರೆ 6600. ವಿಳಾಸ, ದಿನಚರಿ, ಟಿಪ್ಪಣಿಗಳೇ ಹೆಚ್ಚಾದರೆ ಟ್ರಿಯೋ. ಅದಕ್ಕೆ ಟಚ್ ಪರದೆಯೂ ಪುಟ್ಟ ಕೀಬೋರ್ಡೂ ಇವೆ. 6600ರಲ್ಲಿ ಎರಡೂ ಇಲ್ಲ, ಉದ್ದದ ಟಿಪ್ಪಣಿ ಕುಟ್ಟುವಷ್ಟರಲ್ಲಿ ಹೆಬ್ಬೆರಳು ಸೋಲುತ್ತದೆ.

ಆದರೆ ಟ್ರಿಯೋ 600 ಮಾಹಿತಿ ಇಡುವುದು ರ‍್ಯಾಮ್‌ನಲ್ಲಿ. ಬ್ಯಾಟರಿ ಪೂರ್ತಿ ಬರಿದಾದರೆ ಎಲ್ಲವೂ ಅಳಿಸಿಹೋಗುತ್ತದೆ. ಹಾಗಾಗಿ ಹಾಟ್‌ಸಿಂಕ್, ಅಂದರೆ ಮಾಹಿತಿಯನ್ನು ಕಂಪ್ಯೂಟರಿಗೆ ನಕಲಿಸಿಡುವುದು, ತಪ್ಪಿಸಬೇಡಿ. ಬ್ಯಾಟರಿಯೂ ಒಳಗೇ ಕೂತಿದೆ, ಮುಚ್ಚಳ ತೆಗೆದು ಬದಲಿಸುವಂತಿಲ್ಲ. ಟ್ರಿಯೋ 650ರಲ್ಲಿ ಈ ಎರಡೂ ತಾಪತ್ರಯ ಇಲ್ಲ. ಸಿಕ್ಕರೆ ಅದನ್ನೇ ಹಿಡಿಯಿರಿ. 6600ಕ್ಕೆ ಬಿಎಲ್-5ಸಿ ಬ್ಯಾಟರಿ ಸಾಕು, ಇಂದಿಗೂ ಸುಲಭವಾಗಿ ಸಿಗುತ್ತದೆ.

ಟ್ರಿಯೋ ಜಿಎಸ್‌ಎಂ ಮಾದರಿಯೇ ಎಂದು ನೋಡಿಕೊಳ್ಳಿ, ಸಿಡಿಎಂಎ ಎಂಬ ಬೇರೆ ಬಗೆಯ ಜಾಲದ ಮಾದರಿಗೆ ಸಿಮ್ ಜಾಗವೇ ಇಲ್ಲ. ಜಿಯೋ ಸಿಮ್ ಯಾವುದರಲ್ಲೂ ನಡೆಯದು: ಈ ಫೋನುಗಳಿಗೆ 2ಜಿ ಜಾಲ ಬೇಕು, ಜಿಯೋಗೆ ಅದೇ ಇಲ್ಲ.