ಗುಳೆ ಹೋದವರ ಓಟು ಯಾರು ಹಾಕುತ್ತಾರೆ?

ನೀವು ಕರಾವಳಿಯವರು, ನಿಮ್ಮ ಪ್ರಶ್ನೆಯೂ ಹಾಗೇ ಇತ್ತು: "ಅಮೆರಿಕದಲ್ಲಿ ಊರಲ್ಲಿಲ್ಲದವರ ಓಟನ್ನು ಯಾರೋ ಹಾಕಿದರಂತೆ, ನಿಮ್ಮ ರಾಯಚೂರು ಕಡೆ ಪಂಚಾಯಿತಿ ಎಲೆಕ್ಷನ್‌ನಲ್ಲಿ ಅಂಥದ್ದು ಉಂಟಾ?" ಉಂಟು ಮಾರಾಯರೇ. ಆದರೆ ದಾರಿ ಬೇರೆ.

ನೀವು ಹೇಳಿದ್ದು 2018ರದ್ದು, ನಾರ್ತ್ ಕೆರೊಲಿನಾದ 9ನೇ ಕಾಂಗ್ರೆಸ್ ಕ್ಷೇತ್ರದ್ದು. ಗೆಲುವಿನ ಅಂತರ ಬರೀ 905 ಓಟು. ಬ್ಲೇಡನ್ ಕೌಂಟಿಯಲ್ಲಿ ಒಬ್ಬ ಅಭ್ಯರ್ಥಿ ಕಡೆಯವರು ಕೂಲಿಗೆ ಜನ ಇಟ್ಟು, ಮನೆಮನೆಯಿಂದ ಅಂಚೆ ಮತಪತ್ರ ಒಟ್ಟು ಮಾಡಿಸಿದ್ದರು. 2019ರ ಫೆಬ್ರವರಿಯಲ್ಲಿ ಅಲ್ಲಿನ ಚುನಾವಣಾ ಮಂಡಳಿ ಆ ಫಲಿತಾಂಶವನ್ನು ಒಪ್ಪದೆ ಹೊಸ ಚುನಾವಣೆಗೇ ಆದೇಶ ಕೊಟ್ಟಿತು.

ನಮ್ಮಲ್ಲಿ ಸಾಮಾನ್ಯ ಜನಕ್ಕೆ ಅಂಚೆ ಓಟೇ ಇಲ್ಲ. ಸೈನಿಕರಿಗೆ ಇದೆ, ಎಲೆಕ್ಷನ್ ಡ್ಯೂಟಿಯವರಿಗೆ ಇದೆ. ವಿಧಾನಸಭೆ, ಲೋಕಸಭೆಗೆ ಈಗ ವಯಸ್ಸಾದವರು, ಅಂಗವಿಕಲರು ಮನೆಯಲ್ಲೇ ಓಟು ಹಾಕಬಹುದು. 2023ರಲ್ಲಿ 80 ದಾಟಿದವರಿಗೆ ಅಂತ ಇತ್ತು, 2024ರಲ್ಲಿ ಅದನ್ನು 85 ಮಾಡಿದರು. ನಮ್ಮ ಓಣಿಯ ಮುದುಕಿಯೊಬ್ಬಳ ಮನೆಗೆ 2023ರಲ್ಲಿ ಐದಾರು ಜನ ಬಂದಿದ್ದರು. ಕ್ಯಾಮೆರಾ, ಪೊಲೀಸ್, ಮರೆಗೆ ಒಂದು ರಟ್ಟು. ಮುದುಕಿ ಚಹಾ ಕುಡಿಸದೆ ಬಿಡಲೇ ಇಲ್ಲ. ಅಷ್ಟು ಜನ ನೋಡುತ್ತಿರುವಾಗ ಅಲ್ಲಿ ಮೋಸ ಮಾಡುವುದು ಕಷ್ಟ.

ನಮ್ಮ ಕತೆ ಇರುವುದು ಗುಳೆಯಲ್ಲಿ. ದೇವದುರ್ಗ, ಲಿಂಗಸುಗೂರು, ಮಸ್ಕಿ ಕಡೆ ಸುಗ್ಗಿ ಮುಗಿದ ಮೇಲೆ ಓಣಿಗೆ ಓಣಿಯೇ ಕೀಲಿ ಹಾಕಿಕೊಂಡು ಹೋಗುತ್ತದೆ. ಬೆಂಗಳೂರಿನ ಕಟ್ಟಡ ಕೆಲಸ, ಪುಣೆ, ಹೈದರಾಬಾದ್. ಕಾಲುವೆ ನೀರು ಬರುವ ಸಿಂಧನೂರು ಕಡೆ ಭತ್ತ ಇದೆ, ಅಲ್ಲೂ ಕಾಲುವೆಯ ಕೊನೆಯ ಊರುಗಳ ಪಾಡು ಬೇರೆ. ಮನೆಯಲ್ಲಿ ಉಳಿಯುವವರು ಮುದುಕರು, ಶಾಲೆಗೆ ಹೋಗುವ ಮಕ್ಕಳು.

"ಬೆಂಗಳೂರಲ್ಲೇ ವರ್ಷಕ್ಕೆ ಎಂಟು ತಿಂಗಳು ಇದ್ದರೆ ಓಟನ್ನೂ ಅಲ್ಲೇ ಮಾಡಿಸಿಕೊಳ್ಳಲಿ" ಅಂತ ನಿಮಗೆ ಅನ್ನಿಸಬಹುದು. ಶೆಡ್ಡಿನಲ್ಲಿ ಮಲಗುವವನಿಗೆ ವಿಳಾಸ ಎಲ್ಲಿದೆ? ಇವತ್ತು ವೈಟ್‌ಫೀಲ್ಡ್, ಮುಂದಿನ ತಿಂಗಳು ಮೇಸ್ತ್ರಿ ಕರೆದ ಕಡೆ. ರೇಷನ್ ಕಾರ್ಡು, ಜಾಬ್ ಕಾರ್ಡು, ಎರಡೆಕರೆ ಹೊಲ ಎಲ್ಲ ಊರಲ್ಲೇ ಇವೆ. ಕಾನೂನೂ ಅವರ ಪರವೇ ಇದೆ. 1950ರ ಜನಪ್ರಾತಿನಿಧ್ಯ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಊರಿನವನಲ್ಲ ಅಂತ ಆಗುವುದಿಲ್ಲ. ಹೋದ ಕಡೆಯಿಂದಲೇ ತಮ್ಮೂರಿನ ಓಟು ಹಾಕುವ ಯಂತ್ರವೊಂದನ್ನು ಚುನಾವಣಾ ಆಯೋಗ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿತ್ತು. ಒಂದೇ ಯಂತ್ರದಲ್ಲಿ 72 ಕ್ಷೇತ್ರ. 2023ರ ಜನವರಿಯಲ್ಲಿ ತೋರಿಸಲು ಕರೆದಾಗ ಪಕ್ಷಗಳು ಅಡ್ಡ ಮಾತಾಡಿದವು. ಮೇಸ್ತ್ರಿಯ ಶೆಡ್ಡಿನ ತನಕ ಅದು ಬರಲಿಲ್ಲ.

ಹಾಗಾಗಿ ಹೆಸರು ಊರಲ್ಲಿ, ಮನುಷ್ಯ ಬೆಂಗಳೂರಲ್ಲಿ. ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಮಕ್ಕಳನ್ನು ಕಳೆದರೆ ಓಟು ಇನ್ನೂ ಕಡಿಮೆ. ಮೂರು ಓಟಿಗೆ, ಏಳು ಓಟಿಗೆ ಗೆಲ್ಲುವುದು ಇಲ್ಲಿ ಮಾಮೂಲು. ಸಮ ಬಂದರೆ ಚೀಟಿ ಎತ್ತುತ್ತಾರೆ. ಅಂಥ ಕಡೆ ಕೀಲಿ ಬಿದ್ದ ಹತ್ತು ಮನೆ ಅಂದರೆ ಏನು ಅಂತ ನೀವೇ ಲೆಕ್ಕ ಹಾಕಿ.

ಎಲೆಕ್ಷನ್‌ಗೆ ಹದಿನೈದು ದಿನ ಇರುವಾಗ ಎರಡೂ ಕಡೆಯ ಹುಡುಗರು ಪಟ್ಟಿ ಹಿಡಿದುಕೊಂಡು ಕಟ್ಟೆಗೆ ಕೂರುತ್ತಾರೆ. ಒಬ್ಬೊಬ್ಬರಿಗೂ ಫೋನು. ಬರುತ್ತೇನೆ ಅಂದವರಿಗೆ ಬಸ್ ಚಾರ್ಜು, ಎರಡು ದಿನದ ಕೂಲಿ, ದಾರಿಯ ಊಟ. ಒಂದೇ ಸೈಟಿನಲ್ಲಿ ಹತ್ತು ಹನ್ನೆರಡು ಜನ ಇದ್ದರೆ ಕ್ರೂಸರ್ ಗಾಡಿಯನ್ನೇ ಕಳಿಸುತ್ತಾರೆ. ಗಾಡಿ ಹತ್ತುವ ಮುಂಚೆ ದೇವರ ಭಂಡಾರ (ಅರಿಶಿನ ಪುಡಿ) ಮುಟ್ಟಿಸಿ ಆಣೆ ಮಾಡಿಸುವವರೂ ಇದ್ದಾರೆ. ಇದೂ ಲಂಚವೇ, ಗೊತ್ತು. ಆದರೂ ಓಟು ಹಾಕುವವನು ಅವನೇ ಅಲ್ವಾ, ಒಳಗೆ ಹೋಗಿ ಯಾರಿಗೆ ಒತ್ತಿದ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಎರಡೂ ಕಡೆ ಚಾರ್ಜು ತೆಗೆದುಕೊಂಡು ಬಂದ ಗಂಡ ಹೆಂಡತಿಯನ್ನು ನಾನೇ ಕಂಡಿದ್ದೇನೆ.



ಬರುವುದಿಲ್ಲ ಅಂದವರ ಓಟೇ ಬೇರೆಯವರ ಕೈಗೆ ಹೋಗುವುದು. ಅಣ್ಣನ ಹೆಸರಿಗೆ ತಮ್ಮ ಬರುತ್ತಾನೆ, ಸೊಸೆಯ ಹೆಸರಿಗೆ ಮಗಳು ಸೆರಗು ಹೊದ್ದು ಬರುತ್ತಾಳೆ. ಬೂತಿನಲ್ಲಿ ಕೂತ ಅಧಿಕಾರಿ ಬೇರೆ ತಾಲೂಕಿನ ಮೇಷ್ಟ್ರು, ಅವರಿಗೆ ಮುಖ ಪರಿಚಯವಿಲ್ಲ. ಕಾರ್ಡಿನ ಫೋಟೋ ಹತ್ತು ವರ್ಷ ಹಳೆಯದು, ಅದರಲ್ಲಿ ಅಣ್ಣನೂ ಒಂದೇ ತಮ್ಮನೂ ಒಂದೇ. ಊರಿನ ಮುಖ ಗೊತ್ತಿರುವುದು ಗೋಡೆ ಪಕ್ಕ ಬೆಂಚಿನ ಮೇಲೆ ಕೂತ ಅಭ್ಯರ್ಥಿಗಳ ಏಜೆಂಟರಿಗೆ ಮಾತ್ರ. ಅವರು ಬಾಯಿ ಬಿಟ್ಟರೆ ಮೋಸ ನಿಲ್ಲುತ್ತದೆ. ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲಿ "ಇವನು ಅವನಲ್ಲ" ಅಂತ ತಕರಾರು ಎತ್ತಲು ಕಟ್ಟಬೇಕಾದ ಹಣ ಎಷ್ಟು ಗೊತ್ತಾ? 2 ರೂಪಾಯಿ. ಬೇರೆಯವರ ಹೆಸರಲ್ಲಿ ಓಟು ಹಾಕಿದ್ದು ಸಾಬೀತಾದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

ಅದಕ್ಕೇ ನಾನು ಹೇಳುವುದು, ಜಗಳ ಆಗುವ ಬೂತಿನ ಮೇಲೆ ನನಗೆ ನಂಬಿಕೆ ಜಾಸ್ತಿ. ಏಜೆಂಟರು ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದರೆ ಅಲ್ಲಿ ಒಂದು ಕಳ್ಳ ಓಟೂ ಸುಲಭವಾಗಿ ಬೀಳುವುದಿಲ್ಲ. ಮರುದಿನ ಪೇಪರಿನಲ್ಲಿ "ಶಾಂತಿಯುತ ಮತದಾನ" ಅಂತ ಬರುತ್ತದಲ್ಲ, ಅಂಥ ಬೂತಿನಲ್ಲಿ ಬೆಳಿಗ್ಗೆಯೇ ಅಡ್ಜಸ್ಟ್ ಆಗಿರಬಹುದು. ನಿಮ್ಮವರು ಎಂಟು, ನಮ್ಮವರು ಎಂಟು. ನೀವೂ ಸುಮ್ನಿರಿ, ನಾವೂ ಸುಮ್ನಿರ್ತೀವಿ.

ಗಡಿಯಲ್ಲಿ ಡಬಲ್ ಓಟು ಇರುತ್ತದೆ ಅನ್ನುವ ಮಾತನ್ನೂ ನೀವು ಕೇಳಿರುತ್ತೀರಿ. ಸಿರುಗುಪ್ಪದವರಿಗೆ ಆಂಧ್ರದ ಆದೋನಿಯಲ್ಲಿ ಬೀಗರು, ರಾಯಚೂರಿನವರಿಗೆ ತೆಲಂಗಾಣದ ಗದ್ವಾಲದಲ್ಲಿ. ಮದುವೆಯಾಗಿ ಹೋದವಳ ಹೆಸರು ತವರಿನಲ್ಲೂ ಉಳಿದಿರುತ್ತದೆ. ಎರಡು ಕಡೆ ಹೆಸರಿರುವುದು ತಪ್ಪು, ಸುಳ್ಳು ಬರೆದುಕೊಟ್ಟು ಸೇರಿಸಿದ್ದರೆ ಶಿಕ್ಷೆಯೂ ಇದೆ. ಆದರೆ ಇದನ್ನು ಜನ ದೊಡ್ಡದು ಮಾಡಿ ಹೇಳುತ್ತಾರೆ ಅಂತ ನನ್ನ ಅನಿಸಿಕೆ. 2024ರಲ್ಲಿ ನಮಗೆ ಮೇ 7ಕ್ಕೆ ಮತದಾನ, ಆಂಧ್ರ ತೆಲಂಗಾಣಕ್ಕೆ ಮೇ 13. ಮೈಸೂರಿನ ಶಾಯಿ ಆರು ದಿನಕ್ಕೆ ಹೋಗುವಂಥದ್ದಲ್ಲ. ಅಳಿಸುವ ನೂರು ಉಪಾಯ ಹೇಳುವವರಿದ್ದಾರೆ, ಅವರ ಬೆರಳೇ ಕಪ್ಪಗಿರುತ್ತದೆ.

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಅಂತೀರಾ? 2020ರ ಡಿಸೆಂಬರ್‌ನ ಪಂಚಾಯಿತಿ ಎಲೆಕ್ಷನ್‌ಗೆ ನಮ್ಮೂರಿನ ಬೂತಿನಲ್ಲಿ ನಾನೂ ಒಬ್ಬ ಏಜೆಂಟ್. ಲಾಕ್‌ಡೌನ್‌ನಲ್ಲಿ ಊರಿಗೆ ಬಂದವರೆಲ್ಲ ಅಷ್ಟೊತ್ತಿಗೆ ಮತ್ತೆ ಗುಳೆ ಹೋಗಿದ್ದರು. ಏಳು ಗಂಟೆಗೆ ಡಬ್ಬಿ ಸೀಲ್ ಆಯಿತು. ಎಂಟಕ್ಕೆ ಒಗ್ಗರಣೆ ಮಿರ್ಚಿ ಬಂತು. ಅದನ್ನು ತಿನ್ನುವಾಗಲೇ ಆ ಕಡೆಯ ಏಜೆಂಟ್ ನನ್ನ ಪಟ್ಟಿಯ ಪಕ್ಕ ತನ್ನ ಪಟ್ಟಿ ಇಟ್ಟ. ಗುಳೆ ಹೋದವರ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಸಣ್ಣ ಚುಕ್ಕಿಗಳು. ನಾನು ಬೇಡ ಅನ್ನಲಿಲ್ಲ. ಆ ವರ್ಷ ಮಾಸ್ಕ್ ಬೇರೆ, ಕೆಳಗಿಳಿಸಿ ತೋರಿಸು ಅಂತ ಅಧಿಕಾರಿ ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ, ಮಧ್ಯಾಹ್ನದ ಹೊತ್ತಿಗೆ ಹೇಳುವುದನ್ನೇ ಬಿಟ್ಟಿದ್ದರು.

ನಾಲ್ಕು ಗಂಟೆಗೆ ನಮ್ಮ ಕಾಕಾ ಬಂದ. ದೂರದ ಸಂಬಂಧ, ಬೆಂಗಳೂರಲ್ಲಿ ಸೆಂಟ್ರಿಂಗ್ ಕೆಲಸ. ಯಾರ ಕ್ರೂಸರೂ ಅಲ್ಲ, ತನ್ನ ದುಡ್ಡಲ್ಲಿ ಬಸ್ಸಿಗೆ ಬಂದಿದ್ದ. ದಾರಿಯಲ್ಲಿ ಬಸ್ಸು ಕೆಟ್ಟು ತಡವಾಗಿತ್ತು. ಹೆಸರು ಕೂಗಿದ ಕ್ಲರ್ಕ್ ಪಟ್ಟಿ ನೋಡಿ, "ನಿಮ್ಮ ಓಟು ಆಗಿದೆಯಲ್ಲ" ಅಂದರು. ಕಾಕಾ ಎಡಗೈ ಎತ್ತಿ ತೋರಿಸಿದ. ಬೆರಳಿಗೆ ಸಿಮೆಂಟ್ ಇತ್ತು, ಶಾಯಿ ಇರಲಿಲ್ಲ.

ಅಧಿಕಾರಿ ಒಳ್ಳೆಯವರು. ನಾಲ್ಕು ಪ್ರಶ್ನೆ ಕೇಳಿ, ಇವನೇ ಅವನು ಅಂತ ಗಟ್ಟಿ ಮಾಡಿಕೊಂಡು ಟೆಂಡರ್ ಓಟಿಗೆ ಮತಪತ್ರ ಕೊಟ್ಟರು. ನಮ್ಮ ಹೆಸರಲ್ಲಿ ಇನ್ನೊಬ್ಬರು ಹಾಕಿಬಿಟ್ಟಿದ್ದರೆ ಸಿಗುವ ಓಟು ಅದು. ಅದನ್ನು ಡಬ್ಬಿಗೆ ಹಾಕುವುದಿಲ್ಲ, ಬೇರೆ ಕವರಿನಲ್ಲಿ ಇಡುತ್ತಾರೆ. ಎಣಿಕೆಯ ದಿನ ಆ ಕವರನ್ನು ಎಣಿಸುವುದಿಲ್ಲ. ಯಾರಾದರೂ ಕೋರ್ಟಿಗೆ ಹೋದರೆ ಮಾತ್ರ ಅದಕ್ಕೊಂದು ಬೆಲೆ. ನಮ್ಮ ವಾರ್ಡಿನಲ್ಲಿ ನಾಲ್ಕು ಓಟಿನ ಅಂತರ ಬಂತು, ಯಾರೂ ಕೋರ್ಟಿಗೆ ಹೋಗಲಿಲ್ಲ. ಹೋದರೆ ಎರಡೂ ಕಡೆಯ ಚುಕ್ಕಿ ಹೊರಗೆ ಬರುತ್ತಿತ್ತು.

ಕಾಕಾ ಶಾಯಿ ಹಚ್ಚಿಸಿಕೊಂಡು ಬಾಗಿಲ ತನಕ ಹೋದವನು ಬೆಂಚಿನ ಕಡೆ ತಿರುಗಿದ.

"ನೀ ಮುಂಜಾನಿಂದ ಇಲ್ಲೇ ಕುಂತೀಯೇನೋ ತಮ್ಮಾ?"

ಹೂಂ ಅಂದೆ. ಮತ್ತೇನೂ ಕೇಳಲಿಲ್ಲ. ರಾತ್ರಿ ಬಸ್ಸಿಗೇ ವಾಪಸ್ ಹೋದ. ಜಾತ್ರೆಗೆ ಬಂದಾಗ ಈಗಲೂ ನಮ್ಮ ಮನೆಗೆ ಬರುತ್ತಾನೆ, ಊಟ ಮಾಡುತ್ತಾನೆ, ಮಳೆ ಬೆಳೆ ಮಾತಾಡುತ್ತಾನೆ. ನಾನು ಆಮೇಲೆ ಏಜೆಂಟ್ ಆಗಿ ಕೂತಿಲ್ಲ.