ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಮರುಭೂಮಿಯ ಹಾಸುಬಂಡೆ ಮತ್ತು ಬೋಲ್ಟ್‌ಗಳ ನಡುವಿನ ದೂರ

ಪ್ರಶ್ನೆ: ಬೆಂಗಳೂರಿನ ಕ್ಲೈಂಬಿಂಗ್ ಜಿಮ್ಮಿನಲ್ಲಿ 5.10ರ (5.9ರ ಮುಂದಿನ, ಇನ್ನೂ ಕಷ್ಟದ ಹಂತ) ರೂಟ್‌ಗಳನ್ನು ಲೀಡ್ ಮಾಡುತ್ತಿದ್ದೆ, ಅಂದರೆ ಹಗ್ಗವನ್ನು ದಾರಿಯುದ್ದಕ್ಕೂ ಸಿಕ್ಕಿಸಿಕೊಳ್ಳುತ್ತಾ ಮೊದಲು ಹತ್ತುತ್ತಿದ್ದೆ. ಈಗ ಕೆಲಸದ ಮೇಲೆ ಲಾಸ್ ಏಂಜಲೀಸ್‌ನಲ್ಲಿದ್ದೇನೆ. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದಲ್ಲಿ ಬೋಲ್ಟ್ (ಹಗ್ಗ ಸಿಕ್ಕಿಸಲು ಬಂಡೆಗೆ ಕೂರಿಸಿದ ಲೋಹದ ಮೊಳೆ) ಇರುವ 5.7ರ ಸ್ಲ್ಯಾಬ್ (ಇಳಿಜಾರಾದ ಹಾಸುಬಂಡೆ) ರೂಟ್ ನನಗೆ ಸುಲಭವಾಗಬೇಕಲ್ಲವೇ?

ಉತ್ತರ: ಆಗಬೇಕೆಂದೇನೂ ಇಲ್ಲ. ಚಳಿಗಾಲ ಸಮೀಪಿಸಿತೆಂದರೆ ಇದೇ ಪ್ರಶ್ನೆ ಬರತೊಡಗುತ್ತದೆ. ‘ಆರಾಮವಾಗಿ ಹತ್ತಬಹುದು’ ಎಂದು ಯಾರೋ ಸ್ನೇಹಿತರು ಆಗಲೇ ಹೇಳಿರುತ್ತಾರೆ ಎಂಬುದೂ ನನಗೆ ಗೊತ್ತಿರುವುದರಿಂದ ಈ ಸಲ ವಿವರವಾಗಿಯೇ ಬರೆಯುತ್ತೇನೆ.

5.7 ಎಂಬ ಅಂಕಿ ಆ ರೂಟಿನ ಅತ್ಯಂತ ಕಷ್ಟದ ಹೆಜ್ಜೆ ಎಷ್ಟು ಕಷ್ಟ ಎಂಬುದನ್ನಷ್ಟೇ ತಿಳಿಸುತ್ತದೆ. ಒಂದು ಬೋಲ್ಟಿನಿಂದ ಇನ್ನೊಂದಕ್ಕೆ ಎಷ್ಟು ದೂರ, ಜಾರಿದರೆ ಎಲ್ಲಿಗೆ ಹೋಗಿ ನಿಲ್ಲುತ್ತೀರಿ ಎಂಬುದನ್ನು ಅದು ಹೇಳುವುದೇ ಇಲ್ಲ. 1950ರ ದಶಕದಲ್ಲಿ ಇದೇ ದಕ್ಷಿಣ ಕ್ಯಾಲಿಫೋರ್ನಿಯಾದ ತಾಕ್ವಿಟ್ಜ್ ಬಂಡೆಯಲ್ಲಿ ಈ ಅಂಕಿಪದ್ಧತಿ ರೂಪುಗೊಂಡಾಗ 5.9 ಅದರ ತುತ್ತತುದಿಯಾಗಿತ್ತು. ಆ ಲೆಕ್ಕದ ನೆರಳಿನಲ್ಲಿ ಅಂಕಿ ಪಡೆದ ಹಳೆಯ 5.7ನ್ನು ಜಿಮ್ಮಿನ ಗೋಡೆಯ 5.7ರ ಪಕ್ಕದಲ್ಲಿಟ್ಟು ನೋಡಬಾರದು.

ಬೋಲ್ಟ್‌ಗಳ ವಿಷಯ ಇನ್ನೂ ಮುಖ್ಯ. ಜೋಶುವಾ ಟ್ರೀಯ ಎಷ್ಟೋ ಸ್ಲ್ಯಾಬ್ ರೂಟ್‌ಗಳನ್ನು ಮಾಡಿದವರು ಮೇಲಿನಿಂದ ಹಗ್ಗ ಇಳಿಬಿಟ್ಟು ಅಳತೆ ಮಾಡಿ ಬೋಲ್ಟ್ ಹಾಕಿದವರಲ್ಲ; ಕೆಳಗಿನಿಂದ ಹತ್ತುತ್ತಾ ಹೋಗಿ, ಕಾಲೂರಲು ತುಸು ಜಾಗ ಸಿಕ್ಕಲ್ಲಿ ನಿಂತು, ಮೀನಖಂಡ ನಡುಗುತ್ತಿರುವಾಗಲೇ ಒಂದು ಕೈಯಲ್ಲಿ ಡ್ರಿಲ್ ಹಿಡಿದು ಇನ್ನೊಂದು ಕೈಯಲ್ಲಿ ಸುತ್ತಿಗೆಯಿಂದ ಬಡಿದು ತೂತು ಕೊರೆದವರು. ಆದ್ದರಿಂದ ಬೋಲ್ಟ್ ಇರುವುದು ಅವರಿಗೆ ನಿಲ್ಲಲು ಸಾಧ್ಯವಾದ ಕಡೆ, ನಿಮಗೆ ಭಯವಾಗುವ ಕಡೆ ಅಲ್ಲ. ನಿಲ್ಲಲು ಜಾಗವಿಲ್ಲದ ಕಷ್ಟದ ಭಾಗವನ್ನು ಅವರು ಬೋಲ್ಟಿಲ್ಲದೆಯೇ ದಾಟಿದರು, ನೀವೂ ಹಾಗೆಯೇ ದಾಟಬೇಕು.

ಲೆಕ್ಕ ಹಾಕಿ ನೋಡಿ. ಮೊದಲ ಬೋಲ್ಟ್ 6 ಮೀಟರ್ ಎತ್ತರದಲ್ಲಿದೆ, ಎರಡನೆಯದು ಅದಕ್ಕಿಂತ 6 ಮೀಟರ್ ಮೇಲಿದೆ ಎಂದುಕೊಳ್ಳಿ. ಎರಡನೆಯದಕ್ಕೆ ಕ್ಲಿಪ್ ಮಾಡಲು, ಅಂದರೆ ಹಗ್ಗ ಸಿಕ್ಕಿಸಲು, ಕೈ ಚಾಚಿದ ಕ್ಷಣದಲ್ಲಿ ಕಾಲು ಜಾರಿದರೆ ಹಗ್ಗ ಬಿಗಿಯಾಗುವ ಹೊತ್ತಿಗೆ ನೀವು ನೆಲದ ಮೇಲಿರುತ್ತೀರಿ. ಬಿಲೇ ಮಾಡುವವರು, ಅಂದರೆ ಕೆಳಗೆ ನಿಂತು ನಿಮ್ಮ ಹಗ್ಗ ಹಿಡಿದವರು, ಎಷ್ಟೇ ಚುರುಕಾಗಿದ್ದರೂ ಈ ಲೆಕ್ಕ ಹೆಚ್ಚೇನೂ ಬದಲಾಗದು. ಹೊರಕ್ಕೆ ಬಾಗಿದ ಜಿಮ್ಮಿನ ಗೋಡೆಯಿಂದ ಬಿದ್ದವರು ಗಾಳಿಯಲ್ಲಿ ತೂಗಾಡುತ್ತಾರೆ. ಹಾಸುಬಂಡೆಯ ಮೇಲೆ ಬಿದ್ದವರು ಬಂಡೆಯನ್ನು ಉಜ್ಜಿಕೊಂಡೇ ಕೆಳಗೆ ಬರುತ್ತಾರೆ. ಅಂಗೈ, ಮೊಣಕಾಲುಗಳ ಚರ್ಮ ಹೋಗುವುದು ಅದರಲ್ಲಿ ಸಣ್ಣ ಪೆಟ್ಟು. ಕಾಲುಗಿಣ್ಣು ಮುರಿದುಕೊಂಡವರನ್ನು ಕಲ್ಲುಗಳ ಸಂದಿಯಿಂದ ಹೊತ್ತು ತಂದವರಲ್ಲಿ ನಾನೂ ಒಬ್ಬ. ಆದ್ದರಿಂದ ನನ್ನ ಎಚ್ಚರ ಅತಿಯಾಯಿತೆಂದು ನಿಮಗೆ ತೋರಿದರೂ ಅದನ್ನು ಕಡಿಮೆ ಮಾಡಿಕೊಳ್ಳಲಾರೆ.

ಇನ್ನು ಕಾಲಿನ ಕೆಲಸ. ಜೋಶುವಾ ಟ್ರೀಯ ಮಾಂಜೋಗ್ರಾನೈಟ್ (ಒಂದು ಬಗೆಯ ಗ್ರಾನೈಟ್ ಕಲ್ಲು) 10 ಕೋಟಿ ವರ್ಷಗಳಿಗೂ ಹಿಂದೆ ನೆಲದಾಳದಲ್ಲಿ ನಿಧಾನವಾಗಿ ತಣಿದ ಕಾರಣ ಅದರ ಹರಳುಗಳು ದೊಡ್ಡವು. ಹತ್ತಿರದಿಂದ ನೋಡಿದರೆ ಅಕ್ಕಿಕಾಳಿನಷ್ಟು ಉಬ್ಬಿದ ಬಿಳಿಯ ಹರಳು, ಅದರ ಪಕ್ಕದಲ್ಲಿ ಬೆರಳ ತುದಿಯಷ್ಟು ತಗ್ಗು ಕಾಣುತ್ತದೆ. ನಿಮ್ಮ ಮೆಟ್ಟಿಲು ಅದೇ. ಶೂವಿನ ಮುಂಭಾಗವನ್ನು ಅಲ್ಲಿಟ್ಟು, ಹಿಮ್ಮಡಿ ತಗ್ಗಿಸಿ, ಸೊಂಟವನ್ನು ಬಂಡೆಯಿಂದ ಹೊರಗಿರಿಸಿ ನೇರವಾಗಿ ನಿಲ್ಲಬೇಕು. ಹೆದರಿದವರು ಬಂಡೆಯನ್ನು ತಬ್ಬಿಕೊಳ್ಳುತ್ತಾರೆ. ಆಗ ಭಾರದ ಒಂದಂಶ ಕೈಗೂ ಮೊಣಕಾಲಿಗೂ ಹೋಗಿ, ರಬ್ಬರನ್ನು ಬಂಡೆಗೆ ಒತ್ತುವ ಬಲ ಕುಗ್ಗಿ, ಯಾವ ಜಾರುವಿಕೆಗೆ ಹೆದರಿದ್ದರೋ ಅದೇ ಆಗುತ್ತದೆ. ಮಾಗಡಿ ಹತ್ತಿರದ ಸಾವನದುರ್ಗದ ಬಂಡೆಯ ಮೇಲೆ ನಾನು ಇದನ್ನು ಕಲಿಯಲು ಒಂದು ಇಡೀ ಬೇಸಿಗೆ ಬೇಕಾಯಿತು. ಅಲ್ಲಿ ಸ್ಲ್ಯಾಬ್ ಹತ್ತಿ ಪಳಗಿದವರು ಕ್ಯಾಲಿಫೋರ್ನಿಯಾಕ್ಕೆ ಬಂದರೆ ಜಿಮ್ಮಿನಲ್ಲಷ್ಟೇ ಬೆಳೆದವರಿಗಿಂತ ಎಷ್ಟೋ ನೆಮ್ಮದಿಯಿಂದ ನಿಲ್ಲುತ್ತಾರೆ.

ನೀವು ಮೊದಲು ಕೆಲವು ದಿನ ಟಾಪ್ ರೋಪಿನಲ್ಲಿ (ಮೇಲಿನಿಂದ ಬರುವ ಹಗ್ಗದ ಆಸರೆಯಲ್ಲಿ), ಬೇಕೆಂದೇ ಕೈ ಬಳಸದೆ ಹತ್ತಿ. ಆಮೇಲೆ ಜೋಶುವಾ ಟ್ರೀಯ ಎಕೋ ರಾಕ್‌ನ ಸ್ಲ್ಯಾಬ್‌ಗಳಲ್ಲಿ ಅನುಭವಿಗಳು ಲೀಡ್ ಮಾಡುವಾಗ ಎರಡನೆಯವರಾಗಿ ಹಿಂದೆ ಹತ್ತಿ, ಪ್ರತಿ ಬೋಲ್ಟಿನ ಬಳಿ ನಿಂತು ಕೆಳಗೆ ನೋಡಿ. ಅಲ್ಲಿಯ ‘ಸ್ಟಿಚ್ಟರ್ ಕ್ವಿಟ್ಸ್’ ಎಂಬ ರೂಟ್ 5.7 ಆಗಿದ್ದರೂ ಅದನ್ನು ನಿಮ್ಮ ಮೊದಲ ಲೀಡ್ ಮಾಡಿಕೊಳ್ಳಬೇಡಿ. ಒಂದೇ ದಿನದಲ್ಲಿ ಲೀಡ್ ಕಲಿಸಿ ಪ್ರಮಾಣಪತ್ರ ಕೊಡುತ್ತೇವೆ ಎನ್ನುವವರ ಬಳಿ ಹೋಗಲೇಬೇಡಿ. ಅವರು ಕ್ಲಿಪ್ ಮಾಡುವುದನ್ನು ಕಲಿಸಬಲ್ಲರು. ಎಲ್ಲಿಂದ ಹಿಂದಿರುಗಬೇಕೆಂಬ ತೀರ್ಮಾನವನ್ನು ಒಂದು ದಿನದಲ್ಲಿ ಯಾರೂ ಕಲಿಸಲಾರರು.

ಪ್ರಶ್ನೆ: ಶೂವಿನ ತಳಕ್ಕೆ ಪೆಟ್ರೋಲ್ ಅಥವಾ ಅಂಟುದ್ರವ ಸವರಿದರೆ ಹಿಡಿತ ಹೆಚ್ಚುತ್ತದೆಯೇ?

ಉತ್ತರ: ಇಲ್ಲ. ರಬ್ಬರ್ ಹಾಳಾಗುತ್ತದೆ, ಅಂಟು ಬಂಡೆಗೂ ಮೆತ್ತಿಕೊಂಡು ನಿಮ್ಮ ಹಿಂದೆ ಬರುವವರಿಗೆ ತೊಂದರೆ ಕೊಡುತ್ತದೆ. ಇಂಥದ್ದನ್ನು ಬಾಟಲಿಯಲ್ಲಿ ತುಂಬಿ ಮಾರುವವರು ಮೋಸಗಾರರು. ಒದ್ದೆ ಬಟ್ಟೆಯಿಂದ ಧೂಳು ಒರೆಸಿ ಒಣಗಿಸಿಕೊಳ್ಳಿ, ಅಷ್ಟು ಸಾಕು.

ಪ್ರಶ್ನೆ: ಎರಡು ಸೈಜ್ ಚಿಕ್ಕ ಶೂ ತೆಗೆದುಕೊಳ್ಳಲು ಹೇಳಿದ್ದಾರೆ. ಸರಿಯೇ?

ಉತ್ತರ: ಸ್ಲ್ಯಾಬ್‌ಗೆ ಸರಿಯಲ್ಲ, ಬೆರಳು ಮಡಚದೆ ಅಂಗಾಲು ಚಪ್ಪಟೆಯಾಗಿ ಕೂರುವ ಶೂ ಬೇಕು.

ಪ್ರಶ್ನೆ: ಜುಲೈನಲ್ಲಿ ರಜೆಯಿದೆ, ಜೋಶುವಾ ಟ್ರೀಗೆ ಹೋಗಬಹುದೇ?

ಉತ್ತರ: ಬೇಡ. ಆಗ ಬಿಸಿಲು 38 ಡಿಗ್ರಿ ದಾಟುವುದು ಸಾಮಾನ್ಯ, ಕಾದ ಬಂಡೆಯ ಮೇಲೆ ರಬ್ಬರ್ ಮೆತ್ತಗಾಗಿ ಜಾರುತ್ತದೆ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಹೋಗಿ. ಆಗಲೂ ಕುಡಿಯುವ ನೀರನ್ನು ಊರಿನಿಂದಲೇ ಒಯ್ಯಿರಿ, ಹಿಡನ್ ವ್ಯಾಲಿ ಕ್ಯಾಂಪಿನಲ್ಲಿ ನೀರಿನ ವ್ಯವಸ್ಥೆಯಿಲ್ಲ.

ಪ್ರಶ್ನೆ: ಹಳೆಯ ಬೋಲ್ಟನ್ನು ಗುರುತಿಸುವುದು ಹೇಗೆ?

ಉತ್ತರ: ಹಳೆಯವು ಕಾಲು ಇಂಚು ದಪ್ಪದವು, ಹೊಸವು ಸಾಮಾನ್ಯವಾಗಿ 3/8 ಇಂಚು ಅಥವಾ ಅರ್ಧ ಇಂಚು. ತಲೆ ತೀರ ಚಿಕ್ಕದಾಗಿ ಕಂಡರೆ, ಹ್ಯಾಂಗರ್ (ಬೋಲ್ಟಿಗೆ ಸೇರಿಸಿದ, ಕ್ಲಿಪ್ ಹಾಕುವ ಲೋಹದ ತುಂಡು) ಬೆರಳಿಗೇ ತಿರುಗಿದರೆ, ಸುತ್ತಲಿನ ಕಲ್ಲಿನ ಮೇಲೆ ತುಕ್ಕಿನ ಕಂದು ಗೆರೆ ಇಳಿದಿದ್ದರೆ ಅದನ್ನು ನಂಬಿ ಮುಂದೆ ಹತ್ತಬೇಡಿ. ಆದರೆ ಈ ಪರೀಕ್ಷೆ ಬೋಲ್ಟಿನ ಹತ್ತಿರ ಹೋದ ಮೇಲೆ ಮಾಡುವಂಥದ್ದು. ಆದ್ದರಿಂದ ಆ ರೂಟನ್ನು ಇತ್ತೀಚೆಗೆ ಹತ್ತಿದವರನ್ನು ನೆಲದ ಮೇಲಿರುವಾಗಲೇ ಕೇಳಿಕೊಳ್ಳಿ.